ಲಿವರಿಗೆ ಹೋಗುವ ನಾಳ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನ್ನನ್ನು ಕರೆದಾಗ ಒಂದೇ ಮಾತು ಹೇಳಿದರು: "ನೀನು ಮಾಡುವ ಕೆಲಸದ ಬಗ್ಗೆಯೇ ಮಾತಾಡು. ಆದರೆ ತೋಟದ ಕೆಲಸ ಬಿಟ್ಟು ಬಂದವರಿಗೂ ಅರ್ಥ ಆಗಬೇಕು." ಹಾಗಾಗಿ ಇವತ್ತು ಒಂದು ಸಣ್ಣ ವಿಷಯ ಆರಿಸಿಕೊಂಡಿದ್ದೇನೆ. ನಾಲ್ಕೈದು ಮಿಲಿಮೀಟರ್ ದಪ್ಪದ ಒಂದು ರಕ್ತನಾಳದ ವಿಷಯ. ಅದು ನಮ್ಮ ಯಕೃತ್ತಿಗೆ, ಅಂದರೆ ಲಿವರಿಗೆ ಹೋಗುವ ನಾಳ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಚಿತ್ರಗಳಲ್ಲಿ ರಕ್ತನಾಳಗಳನ್ನು ಹುಡುಕಿ, ಬಣ್ಣ ಹಚ್ಚಿ, ಶಸ್ತ್ರಚಿಕಿತ್ಸೆ ಮಾಡುವವರು ಪರದೆಯ ಮೇಲೆ ಆ ಕಡೆ ಈ ಕಡೆ ತಿರುಗಿಸಿ ನೋಡುವಂತೆ ಮಾಡುವ ಪ್ರೋಗ್ರಾಂ ಬರೆಯುವ ತಂಡದಲ್ಲಿದ್ದೇನೆ. ರೋಗಿಗೆ ಏನು ಮಾಡಬೇಕು ಎಂದು ತೀರ್ಮಾನಿಸುವುದು ಡಾಕ್ಟರು. ಚಿತ್ರ ಸರಿಯಾಗಿ ಕಾಣುವಂತೆ ಮಾಡುವುದು ನಮ್ಮ ಕೆಲಸ.

ದೊಡ್ಡವರ ಲಿವರ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರೊಳಗೆ ಹರಿಯುತ್ತದೆ. ವಿಶೇಷವೆಂದರೆ ಇದಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ನಮ್ಮ ಕಡೆಯ ತೋಟಗಳನ್ನು ನೆನಪಿಸಿಕೊಳ್ಳಿ. ಕೆಲವು ತೋಟಕ್ಕೆ ಕೆರೆಯ ಕಾಲುವೆಯಿಂದ ನೇರವಾಗಿ ನೀರು ಬರುತ್ತದೆ, ಜೊತೆಗೆ ಮೇಲಿನ ಗದ್ದೆಯಿಂದ ಬಸಿದು ಬಂದ ನೀರೂ ಸೇರುತ್ತದೆ. ಲಿವರಿನದ್ದೂ ಹಾಗೆಯೇ. ಕರುಳಿನಲ್ಲಿ ಸುತ್ತಾಡಿ, ಊಟದ ಸಾರವನ್ನು ಹೊತ್ತುಕೊಂಡು ಬರುವ ರಕ್ತ ಮುಕ್ಕಾಲು ಪಾಲು. ಹೃದಯದಿಂದ ಹೊರಟ ದೊಡ್ಡ ನಾಳದಿಂದ ನೇರವಾಗಿ ಬರುವ ಶುದ್ಧ ರಕ್ತ ಕಾಲು ಪಾಲು. ಈ ಕಾಲು ಪಾಲನ್ನು ತರುವ ನಾಳವೇ ಲಿವರಿನ ಅಪಧಮನಿ. ಪಾಲು ಕಡಿಮೆ ಎಂದು ಉದಾಸೀನ ಮಾಡುವಂತಿಲ್ಲ. ಲಿವರಿಗೆ ಬೇಕಾದ ಆಮ್ಲಜನಕದಲ್ಲಿ ಸುಮಾರು ಅರ್ಧ ಇದರಿಂದಲೇ ಬರುತ್ತದೆ. ಪಿತ್ತವನ್ನು ಸಾಗಿಸುವ ನಾಳಗಳಂತೂ ಬದುಕಿರುವುದೇ ಈ ಅಪಧಮನಿಯ ರಕ್ತದಿಂದ.

ಪುಸ್ತಕದಲ್ಲಿ ಇದರ ಚಿತ್ರ ಚಂದವಾಗಿದೆ. ಹೃದಯದಿಂದ ಕೆಳಗಿಳಿಯುವ ಮಹಾಪಧಮನಿಯಿಂದ ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಗಿಡ್ಡ ನಾಳ ಹೊರಡುತ್ತದೆ. ಅದು ಮೂರು ಕವಲಾಗುತ್ತದೆ. ಒಂದು ಜಠರಕ್ಕೆ, ಒಂದು ಗುಲ್ಮಕ್ಕೆ, ಮತ್ತೊಂದು ಲಿವರಿಗೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಆಲ್ಬ್ರೆಕ್ಟ್ ಫಾನ್ ಹಾಲರ್ 18ನೇ ಶತಮಾನದಲ್ಲಿ ಈ ಮೂರು ಕವಲನ್ನು ವಿವರಿಸಿದ. ಅದಕ್ಕೆ ಇಂದಿಗೂ 'ಹಾಲರನ ಮುಕ್ಕಾಲಿ' ಎಂಬ ಅರ್ಥದ ಹೆಸರಿದೆ. ಲಿವರಿಗೆ ಹೋಗುವ ಕವಲು ಮುಂದೆ ಬಲಕ್ಕೊಂದು, ಎಡಕ್ಕೊಂದು ಆಗಿ ಒಳಗೆ ಸೇರುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವುದು ಇದೇ ಚಿತ್ರವನ್ನು. ಬರೆದರೆ ಪೂರ್ತಿ ಅಂಕ.

ಆದರೆ ಮನುಷ್ಯರು ಪುಸ್ತಕ ನೋಡಿಕೊಂಡು ಹುಟ್ಟುವುದಿಲ್ಲ. ಕೆಲವರಲ್ಲಿ ಬಲಭಾಗದ ನಾಳ ಆ ಮುಕ್ಕಾಲಿಯಿಂದ ಬರುವುದೇ ಇಲ್ಲ. ಕೆಳಗೆ ಕರುಳಿಗೆ ಹೋಗುವ ಬೇರೆ ನಾಳದಿಂದ ಹೊರಟು, ಮೇದೋಜೀರಕದ ಹಿಂದೆ ನುಸುಳಿಕೊಂಡು ಮೇಲೆ ಬರುತ್ತದೆ. ಕೆಲವರಲ್ಲಿ ಎಡಭಾಗದ ನಾಳ ಜಠರದ ನಾಳದಿಂದ ಹುಟ್ಟುತ್ತದೆ. ಕೆಲವರಲ್ಲಿ ಎರಡೂ ಹಾಗೆ. ಇನ್ನು ಕೆಲವರಲ್ಲಿ ಪುಸ್ತಕದ ನಾಳವೂ ಇರುತ್ತದೆ, ಜೊತೆಗೆ ಇನ್ನೊಂದು ಹೆಚ್ಚುವರಿ ನಾಳವೂ ಇರುತ್ತದೆ.

ಇಂಥವರು ಲಕ್ಷಕ್ಕೊಬ್ಬರು ಎಂದು ತಿಳಿಯಬೇಡಿ. ಅಮೆರಿಕದ ಲಾಸ್ ಏಂಜಲೀಸ್‌ನ ಶಸ್ತ್ರವೈದ್ಯರು ಕಸಿಗಾಗಿ ದಾನ ಬಂದ 1000 ಲಿವರುಗಳ ನಾಳಗಳನ್ನು ಪರಿಶೀಲಿಸಿ 1994ರಲ್ಲಿ ಲೆಕ್ಕ ಪ್ರಕಟಿಸಿದರು. ಪುಸ್ತಕದಂತೆ ಇದ್ದವು 757. ಎಡನಾಳ ಜಠರದ ನಾಳದಿಂದ ಬಂದದ್ದು 97. ಬಲನಾಳ ಕರುಳಿನ ನಾಳದಿಂದ ಬಂದದ್ದು 106. ಎರಡೂ ಹಾಗಿದ್ದದ್ದು 23. ಲಿವರಿನ ಮುಖ್ಯನಾಳವೇ ಇಡಿಯಾಗಿ ಕರುಳಿನ ನಾಳದಿಂದ ಬಂದದ್ದು 15. ನೇರವಾಗಿ ಮಹಾಪಧಮನಿಯಿಂದ ಹೊರಟದ್ದು 2. ಮಕ್ಕಳೇ, ಕೂಡಿಸಿ ನೋಡಿ, ಸರಿಯಾಗಿ 1000 ಬರುತ್ತದೆ.

ಅಂದರೆ ನಾಲ್ಕರಲ್ಲಿ ಒಬ್ಬರು. ಈ ಶಾಮಿಯಾನದ ಕೆಳಗೆ 400 ಜನ ಇದ್ದೇವೆ ಎಂದುಕೊಂಡರೆ, ಆ ಲೆಕ್ಕದ ಪ್ರಕಾರ ಸುಮಾರು 100 ಜನರ ಹೊಟ್ಟೆಯೊಳಗೆ ಪುಸ್ತಕದ ಚಿತ್ರ ಇಲ್ಲ. ಯಾರು ಆ 100 ಜನ? ಮುಖ ನೋಡಿ ಹೇಳಲಾಗದು, ನಾಡಿ ಹಿಡಿದು ಹೇಳಲಾಗದು. ಅವರಿಗೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಅವರ ಲಿವರ್ ಎಲ್ಲರ ಲಿವರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಇದು ಕಾಯಿಲೆಯಲ್ಲ, ಊನವೂ ಅಲ್ಲ.

ಹೀಗೇಕೆ ಆಗುತ್ತದೆ? ತಾಯಿಯ ಹೊಟ್ಟೆಯಲ್ಲಿ ಲಿವರ್ ರೂಪುಗೊಳ್ಳುವ ಮೊದಮೊದಲ ವಾರಗಳಲ್ಲಿ ಅದಕ್ಕೆ ಮೂರು ದಾರಿಯಿಂದ ರಕ್ತ ಬರುತ್ತಿರುತ್ತದೆ. ಎಡಕ್ಕೆ ಜಠರದ ನಾಳದಿಂದ, ನಡುವೆ ಮುಕ್ಕಾಲಿಯಿಂದ, ಬಲಕ್ಕೆ ಕರುಳಿನ ನಾಳದಿಂದ. ಮಗು ಬೆಳೆದಂತೆ ನಡುವಿನದು ದೊಡ್ಡದಾಗಿ, ಅಕ್ಕಪಕ್ಕದ ಎರಡು ಬತ್ತಿಹೋಗುತ್ತವೆ. ಬಹುಪಾಲು ಜನರಲ್ಲಿ ಹಾಗೆ. ಕೆಲವರಲ್ಲಿ ಬತ್ತಬೇಕಾದ ಹಳೆಯ ಕಾಲುವೆ ಬತ್ತದೆ ಉಳಿದುಬಿಡುತ್ತದೆ. ನಮ್ಮ ಸೊರಬ, ಶಿಕಾರಿಪುರದ ಹಳೆಯ ಕೆರೆಗಳ ಬಯಲಿನಲ್ಲಿ ಹೊಸ ಕಾಲುವೆ ಬಂದ ಮೇಲೂ ಅಜ್ಜನ ಕಾಲದ ಒಂದು ಕವಲು ಯಾರದೋ ತೋಟಕ್ಕೆ ನೀರು ಕೊಡುತ್ತಲೇ ಇರುವುದಿಲ್ಲವೇ, ಹಾಗೆ. ಗ್ರಾಮ ನಕ್ಷೆಯಲ್ಲಿ ಆ ಕವಲು ಇರುವುದಿಲ್ಲ. ಆದರೆ ಆ ತೋಟ ಬದುಕಿರುವುದು ಅದರಿಂದಲೇ.

ಈಗ ಜೆ.ಸಿ.ಬಿ. ಬಂದು ನಕ್ಷೆ ನೋಡಿ ಅಗೆಯುತ್ತದೆ ಎಂದುಕೊಳ್ಳಿ. ನಕ್ಷೆಯಲ್ಲಿ ಇಲ್ಲದ ಕಾಲುವೆ ಮುಚ್ಚಿಹೋಯಿತು. ತೋಟ ಒಣಗಿದ ಮೇಲೆ ಗೊತ್ತಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಇರುವ ಅಪಾಯವೂ ಇದೇ. ಜಠರದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಒಂದು ನಾಳವನ್ನು ಕಟ್ಟಿ ಕತ್ತರಿಸುತ್ತಾರೆ. ಲಿವರಿನ ಎಡಭಾಗದ ನಾಳ ಅದರಿಂದಲೇ ಹುಟ್ಟಿದ್ದರೆ? ಮೇದೋಜೀರಕದ ತಲೆಯ ಭಾಗವನ್ನು ತೆಗೆಯುವಾಗ ಅದರ ಹಿಂದೆ ಲಿವರಿನ ಬಲಭಾಗದ ನಾಳ ಅಡಗಿದ್ದರೆ? ಲಿವರಿನ ಗಡ್ಡೆಗೆ ತೊಡೆಯ ಅಥವಾ ಕೈಯ ನಾಳದ ಮೂಲಕ ತೆಳುವಾದ ನಳಿಕೆ ತೂರಿಸಿ ನೇರವಾಗಿ ಔಷಧ ಬಿಡುವ ಚಿಕಿತ್ಸೆಯಿದೆ. ಗಡ್ಡೆಗೆ ರಕ್ತ ಬರುವುದು ಬೇರೆ ನಾಳದಿಂದಾದರೆ ಔಷಧ ಅಲ್ಲಿಗೆ ತಲುಪುವುದೇ ಇಲ್ಲ. ಅನುಭವಿ ಶಸ್ತ್ರವೈದ್ಯರು ಹೊಟ್ಟೆ ತೆರೆದಾಗ ಬೆರಳಿನಿಂದ ಮುಟ್ಟಿ ನಾಡಿ ನೋಡಿ ಎಚ್ಚರವಾಗಿರುತ್ತಾರೆ. ಆದರೆ ಒಳಗೆ ಹೋದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದಿರುವುದು ಎಷ್ಟು ಮೇಲು!

ಈ ವ್ಯತ್ಯಾಸಗಳು ಮೊದಲು ಗೊತ್ತಾದದ್ದು ಸತ್ತವರ ದೇಹದಿಂದ. ನಮ್ಮ ಸುಶ್ರುತ ಸಂಹಿತೆಯಲ್ಲೇ, ಶವವನ್ನು ಹುಲ್ಲಿನಿಂದ ಸುತ್ತಿ ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಆಮೇಲೆ ಪದರ ಪದರವಾಗಿ ಉಜ್ಜಿ ಒಳಗಿನದನ್ನು ಕಣ್ಣಾರೆ ನೋಡಬೇಕೆಂಬ ವಿಧಾನವಿದೆ. ಲಿವರಿನ ನಾಳಗಳ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದವರು ಅಮೆರಿಕದ ಫಿಲಡೆಲ್ಫಿಯಾದ ನಿಕೋಲಸ್ ಮಿಷೆಲ್ಸ್. ಅವರು 200 ದೇಹಗಳನ್ನು ಒಂದೊಂದಾಗಿ ಛೇದಿಸಿ, ನಾಳಗಳನ್ನು ಬಿಡಿಸಿ, ಚಿತ್ರ ಬರೆದು 1955ರಲ್ಲಿ ಪುಸ್ತಕ ತಂದರು. 1966ರಲ್ಲಿ ಅವನ್ನು 10 ಬಗೆಗಳಾಗಿ ವಿಂಗಡಿಸಿದರು. ಅವರ ಲೆಕ್ಕದಲ್ಲಿ ಪುಸ್ತಕದಂತೆ ಇದ್ದವರು ನೂರಕ್ಕೆ 55 ಮಾತ್ರ. ನಾನು ಆಗ ಹೇಳಿದ ಸುಮಾರು 76ಕ್ಕೂ ಈ 55ಕ್ಕೂ ಯಾಕೆ ಅಂತರ ಎಂದು ನೀವು ಕೇಳಬಹುದು. ನೋಡಿದ ಜನ ಬೇರೆ, ನೋಡಿದ ರೀತಿ ಬೇರೆ. ಎಷ್ಟು ಸಣ್ಣ ನಾಳವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ನಿಯಮವೂ ಬೇರೆ. ಆದರೆ ಇಬ್ಬರೂ ಹೇಳಿದ್ದು ಒಂದೇ: ಪುಸ್ತಕದ ಚಿತ್ರ ಹೆಚ್ಚು ಜನರ ಚಿತ್ರ, ಎಲ್ಲರ ಚಿತ್ರವಲ್ಲ.

ಈ ಜ್ಞಾನದ ಹಿಂದೆ ದೇಹ ಕೊಟ್ಟವರಿದ್ದಾರೆ. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳುತ್ತೇನೆ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ಅವರು ತಮ್ಮ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ದಾನ ಮಾಡಿದ್ದರು. 2010ರಲ್ಲಿ ಬೆಳಗಾವಿಯಲ್ಲಿ ಅವರ ಮಗ, ಶರೀರರಚನಾ ಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ ಅವರೇ, ತಂದೆಯ ಇಚ್ಛೆಯಂತೆ ಆ ದೇಹವನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ಪಾಠ ಹೇಳುವುದು ಎಂದರೆ ಎಲ್ಲಿಯವರೆಗೆ ಹೋಗಬಹುದು ಎಂದು ಯೋಚಿಸಿದಾಗಲೆಲ್ಲ ನನಗೆ ಈ ತಂದೆ ಮಗ ನೆನಪಾಗುತ್ತಾರೆ.

ಛೇದನದಿಂದ ಒಟ್ಟಾರೆ ಜನರ ಬಗ್ಗೆ ತಿಳಿಯುತ್ತದೆ. ಆದರೆ ಮುಂದೆ ಮಂಚದ ಮೇಲೆ ಮಲಗಿರುವ ಈ ಒಬ್ಬ ಮನುಷ್ಯನ ನಾಳ ಹೇಗಿದೆ ಎಂದು ತಿಳಿಯಬೇಕಾದರೆ, ಬದುಕಿರುವಾಗಲೇ, ಕೊಯ್ಯದೆ, ಒಳಗೆ ನೋಡಬೇಕು. ಆ ದಾರಿ ತೆರೆದದ್ದು ಸಿ.ಟಿ. ಸ್ಕ್ಯಾನ್.

ಅದನ್ನು ಕಟ್ಟಿದವರು ಗಾಡ್‌ಫ್ರೀ ಹೌನ್ಸ್‌ಫೀಲ್ಡ್. ಇಂಗ್ಲೆಂಡಿನ ಹಳ್ಳಿಯ ಹೊಲಮನೆಯಲ್ಲಿ ಬೆಳೆದವರು, ಡಾಕ್ಟರಲ್ಲ, ಎಂಜಿನಿಯರ್. ಅವರ ಪ್ರಯೋಗಾಲಯದ ಮೊದಲ ಯಂತ್ರಕ್ಕೆ ಒಂದು ವಸ್ತುವಿನ ಅಳತೆ ತೆಗೆಯಲು 9 ದಿನ ಹಿಡಿಯುತ್ತಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಮಿದುಳಿನ ಸಿ.ಟಿ. ಚಿತ್ರ ತೆಗೆದರು. ಇದರ ಗಣಿತವನ್ನು ಮೊದಲೇ ಯೋಚಿಸಿದ್ದ ಭೌತವಿಜ್ಞಾನಿ ಅಲನ್ ಕಾರ್ಮಾಕ್ ಅವರೊಂದಿಗೆ 1979ರಲ್ಲಿ ಹೌನ್ಸ್‌ಫೀಲ್ಡ್ ನೊಬೆಲ್ ಪ್ರಶಸ್ತಿ ಪಡೆದರು.

ಅದರ ಗುಟ್ಟು ಇದೇ ಶಾಲೆಯಲ್ಲಿ ಕಲಿತ ಲೆಕ್ಕದಲ್ಲಿದೆ. ಮಕ್ಕಳೇ, ನಾಲ್ಕು ಮನೆಗಳ ಒಂದು ಚೌಕ ಬರೆಯಿರಿ. ಪ್ರತಿ ಮನೆಯಲ್ಲೂ ಒಂದು ಗುಟ್ಟಿನ ಸಂಖ್ಯೆ ಇದೆ. ಮೇಲಿನ ಸಾಲಿನ ಮೊತ್ತ 5, ಕೆಳಗಿನ ಸಾಲಿನದು 9. ಎಡ ಕಂಬದ ಮೊತ್ತ 6, ಬಲ ಕಂಬದ್ದು 8. ಇಷ್ಟರಿಂದ ಒಂದೇ ಉತ್ತರ ಸಿಗುವುದಿಲ್ಲ, ಹಲವು ಉತ್ತರ ಬರುತ್ತವೆ. ಈಗ ಎಡ ಮೇಲಿನ ಮೂಲೆಯಿಂದ ಬಲ ಕೆಳಗಿನ ಮೂಲೆಗೆ ಓರೆಯಾಗಿ ಕೂಡಿದರೆ 7 ಎಂದು ಹೇಳಿದೆ ಎಂದುಕೊಳ್ಳಿ. ತಕ್ಷಣ ಬಿಡಿಸಬಹುದು: ಮೇಲೆ 2, 3; ಕೆಳಗೆ 4, 5. ಸಿ.ಟಿ. ಯಂತ್ರ ಮಾಡುವುದು ಇದನ್ನೇ. ದೇಹದ ಸುತ್ತ ತಿರುಗುತ್ತಾ ನೂರಾರು ಕೋನಗಳಿಂದ ಎಕ್ಸ್‌ರೇ ಹಾಯಿಸುತ್ತದೆ. ಪ್ರತಿ ಕಿರಣ ದಾರಿಯಲ್ಲಿ ಎಷ್ಟು ಕ್ಷೀಣಿಸಿತು ಎಂಬ ಮೊತ್ತವನ್ನು ಅಳೆಯುತ್ತದೆ. ಆ ಮೊತ್ತಗಳಿಂದ ಪ್ರತಿ ಮನೆಯ ಸಂಖ್ಯೆಯನ್ನು ಕಂಪ್ಯೂಟರ್ ಬಿಡಿಸುತ್ತದೆ. ನಮ್ಮ ಚೌಕದಲ್ಲಿ ನಾಲ್ಕು ಮನೆ, ಸಿ.ಟಿ.ಯ ಒಂದು ಚಿತ್ರದಲ್ಲಿ ಸಾಮಾನ್ಯವಾಗಿ 512 ಸಾಲು, 512 ಕಂಬ, ಒಟ್ಟು 2,62,144 ಮನೆ. "ಈ ಸಮೀಕರಣ ಕಲಿತು ಏನು ಪ್ರಯೋಜನ ಸಾರ್?" ಎಂದು ಯಾರಾದರೂ ಕೇಳಿದರೆ, ಗಣಿತದ ಮೇಷ್ಟ್ರು ಈ ಉತ್ತರ ಕೊಡಬಹುದು.

ಪ್ರತಿ ಮನೆಯ ಸಂಖ್ಯೆಗೆ ಹೌನ್ಸ್‌ಫೀಲ್ಡ್ ಅವರದೇ ಹೆಸರಿನ ಅಳತೆ ಇದೆ. ನೀರಿಗೆ 0, ಗಾಳಿಗೆ ಮೈನಸ್ 1000. ಲಿವರಿಗೆ ಸುಮಾರು 55ರಿಂದ 60. ರಕ್ತಕ್ಕೂ ಲಿವರಿಗೂ ಹೆಚ್ಚು ಅಂತರವಿಲ್ಲದ ಕಾರಣ ಸುಮ್ಮನೆ ಸ್ಕ್ಯಾನ್ ಮಾಡಿದರೆ ನಾಳ ಎದ್ದು ಕಾಣುವುದಿಲ್ಲ. ಅದಕ್ಕೇ ಕೈಯ ನಾಳಕ್ಕೆ ಅಯೋಡಿನ್ ಇರುವ ಔಷಧ ಚುಚ್ಚುತ್ತಾರೆ. ಮೈಯೆಲ್ಲ ಒಮ್ಮೆ ಬೆಚ್ಚಗಾದಂತೆ ಅನಿಸುತ್ತದೆ ಎಂದು ಸ್ಕ್ಯಾನ್ ಮಾಡಿಸಿಕೊಂಡವರು ಹೇಳುವುದು ಇದರಿಂದಲೇ. ಚುಚ್ಚಿದ ಸುಮಾರು ಅರ್ಧ ನಿಮಿಷದೊಳಗೆ ಆ ಔಷಧ ಅಪಧಮನಿಗಳಲ್ಲಿ ತುಂಬಿರುತ್ತದೆ. ಆಗ ಚಿತ್ರ ತೆಗೆದರೆ ಅವು ಬೆಳ್ಳಗೆ ಹೊಳೆಯುತ್ತವೆ. ಸುಮಾರು 70 ಸೆಕೆಂಡಿಗೆ ಕರುಳಿನಿಂದ ಬರುವ ದೊಡ್ಡ ನಾಳ ಹೊಳೆಯುತ್ತದೆ. ಕೆರೆಯ ತೂಬು ಎತ್ತಿದ ಮೇಲೆ ಯಾವ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ ಎಂದು ನೀರುಗಂಟಿಗೆ ಗೊತ್ತಿರುವಂತೆ, ಸ್ಕ್ಯಾನ್ ಕೋಣೆಯವರಿಗೆ ಈ ಹೊತ್ತು ಗೊತ್ತಿರಬೇಕು. ಹೊತ್ತು ತಪ್ಪಿದರೆ ನಾಳ ಕಾಣುವುದಿಲ್ಲ.

ಹೀಗೆ ಬಂದ ಚಿತ್ರಗಳು ಹೋಳುಗಳು. ಒಣ ಅಡಿಕೆಯನ್ನು ಅಡ್ಡಕ್ಕೆ ಕತ್ತರಿಸಿದಾಗ ಒಳಗೆ ಬಿಳಿ, ಕಂದು ಗೆರೆಗಳು ಕಾಣುತ್ತವೆಯಲ್ಲ, ಹಾಗೆ. ಹೊಟ್ಟೆಯನ್ನು ಮಿಲಿಮೀಟರಿಗೊಂದರಂತೆ ಹೋಳು ಮಾಡಿದರೆ ನೂರಾರು ಚಿತ್ರ. ಒಂದು ಹೋಳಿನಲ್ಲಿ ನಾಳ ಬರೀ ಒಂದು ಬಿಳಿ ಚುಕ್ಕೆ. ಮುಂದಿನ ಹೋಳಿನಲ್ಲಿ ಆ ಚುಕ್ಕೆ ತುಸು ಸರಿದಿರುತ್ತದೆ. ಹೋಳುಗಳನ್ನು ಒಂದರ ಮೇಲೊಂದು ಜೋಡಿಸಿ, ಚುಕ್ಕೆಗೆ ಚುಕ್ಕೆ ಸೇರಿಸಿ, ನಾಳದ ದಾರಿ ಹಿಡಿಯುವುದೇ ನಮ್ಮ ಪ್ರೋಗ್ರಾಮಿನ ಕೆಲಸ. ಮಹಾಪಧಮನಿಯಲ್ಲಿ ಒಂದು ಜಾಗ ಗುರುತು ಮಾಡಿ, ಅಲ್ಲಿಂದ ನೀರು ಬಿಟ್ಟಂತೆ ಪಕ್ಕದ ಹೊಳೆಯುವ ಮನೆಗಳಿಗೆಲ್ಲ ಹರಡುತ್ತಾ ಹೋಗುವುದು ಒಂದು ಹಳೆಯ, ಸರಳ ವಿಧಾನ.

ಕೇಳಲು ಸರಳ, ಮಾಡಲು ಕಷ್ಟ. ಮೂಳೆಯೂ ಹೊಳೆಯುತ್ತದೆ, ನೀರು ಅತ್ತ ಹರಿದರೆ ಬೆನ್ನುಮೂಳೆಯೂ ನಾಳವಾಗಿಬಿಡುತ್ತದೆ. ಎರಡು ಮಿಲಿಮೀಟರಿನ ನಾಳದ ಬಿಳುಪು ಸುತ್ತಲಿನ ಮಾಂಸದೊಂದಿಗೆ ಬೆರೆತು ಮಂಕಾಗುತ್ತದೆ. ಇದಕ್ಕಿಂತ ದೊಡ್ಡ ಕಷ್ಟ ಬೇರೆಯದು. ಪ್ರೋಗ್ರಾಮಿಗೆ "ಲಿವರಿನ ನಾಳ ಮುಕ್ಕಾಲಿಯಿಂದ ಬರುತ್ತದೆ" ಎಂದು ಮೊದಲೇ ಹೇಳಿಟ್ಟರೆ ಅದು ಅಲ್ಲಿ ಮಾತ್ರ ಹುಡುಕುತ್ತದೆ. ಈಗಿನ ಕಲಿಯುವ ಯಂತ್ರಗಳೂ ಅಷ್ಟೇ. ಅವು ತೋರಿಸಿದ ಉದಾಹರಣೆಗಳಿಂದ ಕಲಿಯುತ್ತವೆ. ಸಾವಿರಕ್ಕೆ ಎರಡು ಕಾಣಿಸುವ ಬಗೆಯನ್ನು ನೂರು ಉದಾಹರಣೆಯಲ್ಲಿ ಅದು ನೋಡದೆಯೇ ಇರಬಹುದು. ನೋಡದ್ದನ್ನು ಅದು ಗುರುತಿಸುವುದು ಹೇಗೆ? ಹಾಗಾಗಿ ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪುಸ್ತಕದಂತೆ ಇಲ್ಲದವರ ಚಿತ್ರ. ಅಂಥದೊಂದು ಸಿಕ್ಕರೆ ನುರಿತ ರೇಡಿಯಾಲಜಿ ವೈದ್ಯರು ಕುಳಿತು ಹೋಳು ಹೋಳಾಗಿ ಗುರುತು ಹಾಕಿಕೊಡುತ್ತಾರೆ. ಕೊನೆಯ ಮಾತು ಅವರ ಕಣ್ಣಿನದೇ.

ನಮಗೆ ಬರುವ ಚಿತ್ರಗಳಲ್ಲಿ ಹೆಸರಿರುವುದಿಲ್ಲ. ಹೆಸರು, ಊರು ಎಲ್ಲ ತೆಗೆದು, ಬರೀ ಒಂದು ಸಂಖ್ಯೆ ಇಟ್ಟು ಕಳುಹಿಸುತ್ತಾರೆ. ಹಾಗೇ ಇರಬೇಕು. ಆದರೆ ಒಮ್ಮೆ ಮಾತ್ರ ಹೆಸರಿರುವ ಚಿತ್ರವನ್ನು ನಾನು ನೋಡಬೇಕಾಯಿತು. ಅದು ನನ್ನ ಸೋದರಮಾವನದು.

ಮಾವನಿಗೆ ಕಾಮಾಲೆಯಾಯಿತು. ನೋವಿಲ್ಲ, ಮೈಯೆಲ್ಲ ತುರಿಕೆ, ಕಣ್ಣು ಹಳದಿ. ನಮ್ಮ ಕಡೆ ಕಾಮಾಲೆ ಎಂದರೆ ನಾಟಿ ಔಷಧ, ಪಥ್ಯ. ಮೂರು ವಾರ ಅದೇ ನಡೆಯಿತು. ಇಳಿಯದಿದ್ದಾಗ ಪೇಟೆಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಪಿತ್ತನಾಳದ ಕೊನೆಯಲ್ಲಿ ಸಣ್ಣ ಗಡ್ಡೆ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ವರದಿ ಮತ್ತು ಒಂದು ಸಿ.ಡಿ. ಕೊಟ್ಟರು. ವರದಿಯಲ್ಲಿ ಗಡ್ಡೆಯ ವಿಷಯ ಇತ್ತು, ನಾಳಗಳ ವಿಷಯ ಒಂದು ಸಾಲೂ ಇರಲಿಲ್ಲ. ಮನೆಯವರು ವರದಿಯನ್ನು ದೇವರ ಫೋಟೋದ ಹಿಂದೆ ಜೋಪಾನವಾಗಿಟ್ಟರು. ಸಿ.ಡಿ.ಯನ್ನು? ಅದು ಹೊಳೆಯುತ್ತದಲ್ಲ, ಗದ್ದೆಯಲ್ಲಿ ಹಕ್ಕಿ ಬೆದರಲಿ ಎಂದು ದಾರ ಕಟ್ಟಿ ತೂಗುಹಾಕಿದ್ದರು. ನಗಬೇಡಿ, ನಮ್ಮಲ್ಲಿ ಹಲವರ ಗದ್ದೆಯಲ್ಲಿ ಈಗಲೂ ಅಂಥವು ತಿರುಗುತ್ತಿವೆ.

ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರು ವರದಿ ಓದಿ ಪಕ್ಕಕ್ಕಿಟ್ಟು, "ಚಿತ್ರ ಎಲ್ಲಿ?" ಎಂದರು. ಚಿತ್ರ ಬಿಸಿಲಿನಲ್ಲಿ ಒಣಗಿತ್ತು. ಮತ್ತೆ ಸ್ಕ್ಯಾನ್, ಮತ್ತೆ ಖರ್ಚು, ಮತ್ತೆ ಅಯೋಡಿನ್ ಔಷಧ, ಅದಕ್ಕೆ ಮೊದಲು ಕಿಡ್ನಿ ಪರೀಕ್ಷೆ. ಹೊಟ್ಟೆಯ ಒಂದು ಸಿ.ಟಿ.ಯಲ್ಲಿ ಮೈಗೆ ತಾಗುವ ವಿಕಿರಣ ಸುಮಾರು 8ರಿಂದ 10 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಸಹಜವಾಗಿ ನಮಗೆ ಮೂರು ನಾಲ್ಕು ವರ್ಷದಲ್ಲಿ ತಾಗುವಷ್ಟು. ಬೇಕಾದಾಗ ಮಾಡಿಸಲೇಬೇಕು, ಹೆದರಬೇಕಿಲ್ಲ. ಆದರೆ ಸುಮ್ಮನೆ ಎರಡು ಸಲ ಯಾಕೆ?

ಹೊಸ ಚಿತ್ರ ಬಂದಾಗ ಆ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಪರದೆ ತೋರಿಸಿದರು. ಮಾವನ ಲಿವರಿನ ಬಲಭಾಗದ ನಾಳ ಮುಕ್ಕಾಲಿಯಿಂದ ಬಂದಿರಲಿಲ್ಲ. ಕರುಳಿನ ನಾಳದಿಂದ ಹೊರಟು, ಅವರು ಮರುದಿನ ಕತ್ತರಿಸಬೇಕಾಗಿದ್ದ ಜಾಗದ ನೇರ ಹಿಂದೆ ಹಾದುಹೋಗಿತ್ತು. ಸಾವಿರಕ್ಕೆ 106 ಎಂದು ನಾನು ಬಾಯಿಪಾಠ ಮಾಡಿದ್ದ ಲೆಕ್ಕ. ಆ ಹೊತ್ತಿಗೆ ನನಗೆ ಸಾವಿರ ಕಾಣಲಿಲ್ಲ, ಒಬ್ಬ ಮನುಷ್ಯ ಕಂಡ. ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಇದೇ ಶಾಲೆಗೆ ಬಿಟ್ಟು ಹೋಗುತ್ತಿದ್ದ ಮನುಷ್ಯ.

ವೈದ್ಯರು ಯೋಜನೆ ಬದಲಿಸಿದರು. ಮೊದಲು ಆ ನಾಳವನ್ನು ಹುಡುಕಿ, ಬಿಡಿಸಿ, ಒಂದು ಪಟ್ಟಿ ಸುತ್ತಿ ಪಕ್ಕಕ್ಕೆ ಹಿಡಿದು, ಆಮೇಲೆ ಗಡ್ಡೆಯ ಕಡೆ ಹೋದರು. ಶಸ್ತ್ರಚಿಕಿತ್ಸೆ ಏಳು ಗಂಟೆ ನಡೆಯಿತು. ಮೂರು ವರ್ಷವಾಯಿತು. ಮಾವ ಈಗ ಸ್ವಲ್ಪ ಸ್ವಲ್ಪವೇ ಊಟ ಮಾಡುತ್ತಾರೆ, ಊಟದ ಜೊತೆ ಮಾತ್ರೆ ನುಂಗುತ್ತಾರೆ, ತೋಟಕ್ಕೆ ಹೋಗಿ ಬರುತ್ತಾರೆ. ಮುಂದೆ ಹೇಗೋ, ಆರು ತಿಂಗಳಿಗೊಮ್ಮೆ ಪರೀಕ್ಷೆ ಇದೆ. ಸಿ.ಡಿ.ಗಳು ಮಾತ್ರ ಈಗ ಟ್ರಂಕಿನಲ್ಲಿವೆ.

ಇನ್ನೊಂದು ಮಾತು. ನಾನು ಹೇಳಿದ ದೊಡ್ಡ ಲೆಕ್ಕಗಳೆಲ್ಲ ಅಮೆರಿಕದವು. ಸಿ.ಟಿ. ಬಂದ ಮೇಲೆ ನಮ್ಮ ದೇಶದ ವೈದ್ಯರೂ ನಮ್ಮ ಜನರನ್ನು ಎಣಿಸತೊಡಗಿದ್ದಾರೆ. ದೆಹಲಿಯ ವೈದ್ಯರು 600 ಜನರ ಸಿ.ಟಿ. ಚಿತ್ರಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಮೂರು ಕವಲಿನ ಮುಕ್ಕಾಲಿಯೇ ನೂರಕ್ಕೆ ಸುಮಾರು 9 ಜನರಲ್ಲಿ ಪುಸ್ತಕದಂತೆ ಇರಲಿಲ್ಲ. 200 ದೇಹಗಳನ್ನು ಛೇದಿಸಲು ಒಬ್ಬ ಮನುಷ್ಯನಿಗೆ ವರ್ಷಗಟ್ಟಲೆ ಬೇಕಾಗಿತ್ತು. ಈಗ ಬೇರೆ ಕಾರಣಕ್ಕೆ ತೆಗೆದ ಚಿತ್ರಗಳನ್ನೇ, ಹೆಸರು ಅಳಿಸಿ, ಒಪ್ಪಿಗೆಯ ನಿಯಮ ಪಾಲಿಸಿ ಮತ್ತೊಮ್ಮೆ ನೋಡಿದರೆ ಲೆಕ್ಕ ಸಿಗುತ್ತದೆ. ಯಾರನ್ನೂ ಕೊಯ್ಯಬೇಕಾಗಿಲ್ಲ.

ನಮ್ಮ ತಾಲ್ಲೂಕಿಗೆ ಇದು ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂದಾಗ, ಇಲ್ಲಿನ ರೋಗಿಗಳ, ಮಂಗಗಳ, ಉಣ್ಣೆಗಳ ಮಾದರಿಗಳನ್ನು ಪರೀಕ್ಷಿಸಿಯೇ ಆ ವೈರಸ್ ಯಾವುದೆಂದು ಕಂಡುಹಿಡಿದರು. ಮಂಗನ ಕಾಯಿಲೆ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರಿನಲ್ಲೇ ಇದೆ. ನಮ್ಮವರ ಕಷ್ಟದಿಂದ ಬಂದ ತಿಳಿವಳಿಕೆ ಅದು. ಇಂದು ನಮ್ಮವರ ಸ್ಕ್ಯಾನ್ ಚಿತ್ರಗಳೂ ಅಂಥ ತಿಳಿವಳಿಕೆಗೆ ಸೇರಬಹುದು.

ಲಿವರ್ ಕಸಿಯ ವಿಷಯವನ್ನೂ ಹೇಳಬೇಕು. ಭಾರತದಲ್ಲಿ ಮೊದಲ ಯಶಸ್ವಿ ಲಿವರ್ ಕಸಿ ಆದದ್ದು 1998ರಲ್ಲಿ, ದೆಹಲಿಯಲ್ಲಿ, ಎರಡು ವರ್ಷವೂ ತುಂಬದ ಮಗುವಿಗೆ. ಲಿವರಿನ ಭಾಗ ಕೊಟ್ಟದ್ದು ಅದರ ತಂದೆ. ಉಳಿದ ಲಿವರ್ ಕೆಲವು ತಿಂಗಳಲ್ಲಿ ಬೆಳೆದು ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಆದರೆ ಕೊಡುವವರು ಆರೋಗ್ಯವಂತರು. ಅವರಿಗೆ ತೊಂದರೆ ಆಗಲೇಬಾರದು. ಅದಕ್ಕೆ ಮೊದಲೇ ಸಿ.ಟಿ. ಮಾಡಿ ನಾಳಗಳ ನಕ್ಷೆ ಬರೆಯುತ್ತಾರೆ. ಎಲ್ಲಿ ಕತ್ತರಿಸಬೇಕು, ಯಾವುದನ್ನು ಯಾವುದಕ್ಕೆ ಹೊಲಿಯಬೇಕು ಎಂಬುದು ಆ ನಕ್ಷೆಯ ಮೇಲೆ ನಿಂತಿದೆ. ಮರಣಾನಂತರದ ಅಂಗದಾನಕ್ಕೆ ನಮ್ಮ ರಾಜ್ಯದಲ್ಲಿ ಸರ್ಕಾರದ 'ಜೀವಸಾರ್ಥಕತೆ' ಸಂಸ್ಥೆ ಇದೆ. ಮನೆಯಲ್ಲಿ ಈ ವಿಷಯ ಮಾತಾಡಿಟ್ಟುಕೊಂಡರೆ, ಕಷ್ಟದ ಗಳಿಗೆಯಲ್ಲಿ ತೀರ್ಮಾನ ತೆಗೆದುಕೊಳ್ಳುವವರಿಗೆ ಭಾರ ಕಡಿಮೆಯಾಗುತ್ತದೆ.

ಮುಗಿಸುವ ಮೊದಲು ಮೂರು ವಿನಂತಿ.

ಊರಿನವರಲ್ಲಿ: ಸ್ಕ್ಯಾನ್ ಮಾಡಿಸಿದರೆ ವರದಿಯ ಜೊತೆ ಚಿತ್ರಗಳನ್ನೂ ಕೇಳಿ ಪಡೆಯಿರಿ. ಸಿ.ಡಿ. ಕೊಟ್ಟರೆ ಮನೆಯ ಹುಡುಗರ ಕೈಯಲ್ಲಿ ಪೆನ್‌ಡ್ರೈವ್‌ಗೂ ಹಾಕಿಸಿ. ಮೇಲೆ ಹೆಸರು, ತಾರೀಕು ಬರೆಯಿರಿ. ಬೇರೆ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ. "ನಿಮ್ಮ ನಾಳ ಸ್ವಲ್ಪ ಬೇರೆ ಥರ ಇದೆ" ಎಂದು ಡಾಕ್ಟರು ಹೇಳಿದರೆ ಹೆದರಬೇಡಿ. ಅದನ್ನು ಬರೆದುಕೊಡಿ ಎಂದು ಕೇಳಿ, ಮುಂದೆ ಯಾವ ಶಸ್ತ್ರಚಿಕಿತ್ಸೆಯಾದರೂ ಮೊದಲು ಆ ಚೀಟಿ ತೋರಿಸಿ. ಹಕ್ಕಿ ಬೆದರಿಸಲು ಬೇರೆ ಏನಾದರೂ ಕಟ್ಟೋಣ.

ಗುರುಗಳಲ್ಲಿ: ಹಲಗೆಯ ಮೇಲೆ ಮನುಷ್ಯನ ದೇಹದ ಚಿತ್ರ ಬರೆದಾಗ ಕೆಳಗೆ ಎರಡು ಪದ ಸೇರಿಸಿ: 'ಸಾಮಾನ್ಯವಾಗಿ ಹೀಗೆ'. ಅಷ್ಟು ಸಾಕು. ಪುಸ್ತಕದಂತೆ ಇಲ್ಲದ್ದೆಲ್ಲ ತಪ್ಪಲ್ಲ ಎಂಬುದು ಮಕ್ಕಳಿಗೆ ಅಲ್ಲಿಂದಲೇ ತಿಳಿಯುತ್ತದೆ.

ಮಕ್ಕಳಲ್ಲಿ: ಲೆಕ್ಕ ಬಿಡಿಸುವಾಗ ಬೇಸರವಾದರೆ ಆ ನಾಲ್ಕು ಮನೆಯ ಚೌಕ ನೆನಪಿಸಿಕೊಳ್ಳಿ. ಹೊರಗಿನ ಮೊತ್ತದಿಂದ ಒಳಗಿನ ಗುಟ್ಟು ತಿಳಿಯುವ ಆ ಲೆಕ್ಕ ಯಾರದೋ ಪ್ರಾಣ ಉಳಿಸುತ್ತಿದೆ. ನಾಳೆ ಆ ಕೆಲಸ ಮಾಡುವವರು ನಿಮ್ಮಲ್ಲೇ ಒಬ್ಬರಾಗಬಹುದು.

ಐವತ್ತು ವರ್ಷದಲ್ಲಿ ಈ ಶಾಲೆ ಎಷ್ಟೋ ಬಗೆಯ ಮಕ್ಕಳನ್ನು ಕಂಡಿದೆ. ಬೇಗ ಕಲಿತವರು, ನಿಧಾನವಾಗಿ ಕಲಿತವರು, ಹೊಳೆ ದಾಟಿ ಬಂದವರು, ಬೆಳಿಗ್ಗೆ ದನ ಮೇಯಿಸಿ ಬಂದವರು. ಯಾರನ್ನೂ ಒಂದೇ ಚಿತ್ರಕ್ಕೆ ಹೊಂದಿಸದೆ, ಇದ್ದವರನ್ನು ಇದ್ದಂತೆ ನೋಡಿ ಕಲಿಸಿದ ಗುರುಗಳಿಗೆ ನನ್ನ ನಮಸ್ಕಾರ.